ಮಗು ತಾನೇ ಹೇಳಲಿ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಶಿಕ್ಷಕ–ಪಾಲಕರ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ನೂರು ವರ್ಷ ತುಂಬಿದ ಕನ್ನಡ ಶಾಲೆಯೊಂದರ ಅಂಗಳದಲ್ಲಿ ನಿಂತು ಮಾತನಾಡುವ ಅವಕಾಶ ದೊರೆತದ್ದು ನನ್ನ ಭಾಗ್ಯವೆಂದು ತಿಳಿಯುತ್ತೇನೆ. ಗೋಷ್ಠಿಯ ಸಂಚಾಲಕರು ನನಗೆ ಒಪ್ಪಿಸಿದ ವಿಷಯ ‘ಪ್ರಾಥಮಿಕ ಶಾಲೆಯ ಮಕ್ಕಳು ಮತ್ತು ಮಾಧ್ಯಮ ಕಲೆ’. ವಿಷಯ ದೊಡ್ಡದು. ಅದರಲ್ಲಿ ನನಗೆ ಅನುಭವವಿರುವ ಒಂದು ಭಾಗವನ್ನಷ್ಟೇ ಇಲ್ಲಿ ಎತ್ತಿಕೊಳ್ಳುತ್ತೇನೆ. ಮಗುವೊಂದು ಫೋಟೊ ತೆಗೆಯಿತು, ಧ್ವನಿ ಮುದ್ರಿಸಿತು, ಚಿಕ್ಕ ಚಿತ್ರವೊಂದನ್ನು ಮಾಡಿತು ಎಂದುಕೊಳ್ಳೋಣ. ಅದನ್ನು ಇತರರ ಮುಂದಿಟ್ಟು ಮಾತನಾಡಲು, ಆಮೇಲೆ ಅದರ ಬಗ್ಗೆ ತಾನೇ ಯೋಚಿಸಲು ನಾವು ಹೇಗೆ ನೆರವಾಗಬೇಕು? ಎಲ್ಲಿ ಸುಮ್ಮನಿರಬೇಕು? ಇವೆರಡೇ ನನ್ನ ಇಂದಿನ ಪ್ರಶ್ನೆಗಳು.

ನಾನು ಮಡಗಾಂವಿನಿಂದ ಬಂದವಳು. ಅಲ್ಲಿ ಮೋತಿ ಡೊಂಗರ್ ಎಂಬ ಗುಡ್ಡವಿದೆ. ಕೊಂಕಣಿಯಲ್ಲಿ ಡೊಂಗರ್ ಎಂದರೆ ಗುಡ್ಡ. ಮೋತಿ ಎಂದರೆ ಮುತ್ತು. ಆ ಮುತ್ತಿನ ಗುಡ್ಡದ ಇಳಿಜಾರಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆಗಳಲ್ಲಿ ನಮ್ಮ ಉತ್ತರ ಕರ್ನಾಟಕದ ಅನೇಕ ಕುಟುಂಬಗಳು ನೆಲೆಸಿವೆ. ಹುಬ್ಬಳ್ಳಿಯಿಂದ ರೈಲು ಹತ್ತಿ, ಲೋಂಡಾ ಮತ್ತು ದೂಧಸಾಗರ ದಾಟಿ ದುಡಿಮೆ ಅರಸಿ ಇಳಿದವರು ಅವರು. ಕಟ್ಟಡದ ಕೆಲಸ, ಗಾರೆ ಕೆಲಸ, ತರಕಾರಿ ವ್ಯಾಪಾರ, ಮನೆಗೆಲಸ ಹೀಗೆ ಹಲವು ಬಗೆಯಲ್ಲಿ ಆ ನಗರವನ್ನು ಕಟ್ಟುತ್ತಿರುವವರೂ ಅವರೇ. ಈ ಸಭೆಯಲ್ಲಿ ಕುಳಿತ ಎಷ್ಟೋ ಜನರ ಅಣ್ಣತಮ್ಮಂದಿರು, ಬೀಗರು ಗೋವೆಯಲ್ಲಿರಬಹುದು. ಆದ್ದರಿಂದ ನಾನು ಹೇಳಹೊರಟಿರುವುದು ಪರವೂರಿನ ಮಕ್ಕಳ ಕಥೆಯಲ್ಲ.

ಈ ಮಕ್ಕಳ ನಾಲಿಗೆಯ ಮೇಲೆ ಮನೆಯ ಕನ್ನಡ, ಓಣಿಯ ಹಿಂದಿ, ಪೇಟೆಯ ಕೊಂಕಣಿ ಮೂರೂ ಓಡಾಡುತ್ತವೆ. ಆದರೆ ಯಾರಾದರೂ ಎದುರು ನಿಲ್ಲಿಸಿ ಪ್ರಶ್ನೆ ಕೇಳಿದರೆ ಮೂರೂ ಒಮ್ಮೆಲೇ ಅಡಗಿಬಿಡುತ್ತವೆ. ಗೋವೆಯಲ್ಲಿ ಪ್ರಾಥಮಿಕ ಹಂತವೆಂದರೆ ನಾಲ್ಕನೆಯ ತರಗತಿಯವರೆಗೆ. ಕನ್ನಡದಲ್ಲಿ ಕಲಿತ ಮಕ್ಕಳಲ್ಲಿ ಹೆಚ್ಚಿನವರು ಐದನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಾರೆ. ನನ್ನ ವೃತ್ತಿಜೀವನದ ದೊಡ್ಡ ಚಿಂತೆ ಇದೇ ಆಗಿದೆ. ತನ್ನ ಭಾಷೆಯಲ್ಲಿಯೇ ‘ಇದು ನಾನು ಮಾಡಿದ್ದು, ಈ ಕಾರಣಕ್ಕಾಗಿ ಹೀಗೆ ಮಾಡಿದೆ’ ಎಂದು ಹೇಳಲು ಕಲಿಯದ ಮಗು ಅಪರಿಚಿತ ಭಾಷೆಯ ತರಗತಿಯಲ್ಲಿ ಕೊನೆಯ ಬೆಂಚಿನ ಮೌನಕ್ಕೆ ಜಾರಿಬಿಡುತ್ತದೆ. ಆ ಮೌನವನ್ನು ಶಿಕ್ಷಕರು ದಡ್ಡತನವೆಂದು ಓದುತ್ತಾರೆ. ನಮಗೆ ಉಳಿದಿರುವುದು ಮೊದಲ ನಾಲ್ಕು ವರ್ಷಗಳು ಮಾತ್ರ.

ಮಾಧ್ಯಮ ಕಲೆ ಎಂದೊಡನೆ ಗಣಕಯಂತ್ರಗಳು ತುಂಬಿದ ಕೊಠಡಿ ಕಣ್ಣಮುಂದೆ ಬರಬಾರದು. ಅಮೆರಿಕದ ಕಲಾಶಿಕ್ಷಣದ ರಾಷ್ಟ್ರೀಯ ಮಾನದಂಡಗಳನ್ನು 2014ರಲ್ಲಿ ಪರಿಷ್ಕರಿಸಿದಾಗ ನೃತ್ಯ, ಸಂಗೀತ, ರಂಗಭೂಮಿ, ದೃಶ್ಯಕಲೆಗಳ ಜೊತೆಗೆ ಮಾಧ್ಯಮ ಕಲೆಯನ್ನು ಐದನೆಯದಾಗಿ ಸೇರಿಸಿದರು. ಹೆಸರು ಹೊಸದು, ಸಂಗತಿ ನಮಗೆ ಹೊಸದಲ್ಲ. ಬಿಳಿಯ ಪರದೆ, ಹಿಂದೆ ದೀಪ, ನಡುವೆ ಚಲಿಸುವ ಚಿತ್ರ, ಜೊತೆಗೆ ಮಾತು ಮತ್ತು ವಾದ್ಯ: ನಮ್ಮ ತೊಗಲುಗೊಂಬೆಯಾಟದಲ್ಲಿ ಇವೆಲ್ಲವೂ ಇದ್ದವು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ನಾನು ಮಕ್ಕಳಿಗೆ ಅವರ ಚಿತ್ರ ತೋರಿಸಿ, ಈ ಅಜ್ಜಿ ಸಿನಿಮಾಕ್ಕಿಂತ ಹಳೆಯ ಕಲೆಯನ್ನು ಬಲ್ಲವರು ಎಂದು ಹೇಳಿದೆ. ಮರುದಿನವೇ ರಟ್ಟಿನ ಗೊಂಬೆಗಳೂ ಒಂದು ಟಾರ್ಚೂ ತರಗತಿಗೆ ಬಂದವು.

ನಮ್ಮ ಸಾಮಗ್ರಿ ಇಷ್ಟೇ: ಶಿಕ್ಷಕಿಯೊಬ್ಬರ ಸ್ಮಾರ್ಟ್‌ಫೋನ್, ಅದನ್ನು ಅಲುಗಾಡದಂತೆ ನಿಲ್ಲಿಸಲು ಎರಡು ಇಟ್ಟಿಗೆ, ಒಂದು ಟಾರ್ಚು, ಒಂದು ಹಳೆಯ ಬಿಳಿ ಪಂಚೆ. ಇದರಿಂದ ಮಕ್ಕಳು ಫೋಟೊ ಸರಣಿ ಮಾಡಿದ್ದಾರೆ, ಓಣಿಯ ಸಪ್ಪಳಗಳನ್ನು ಮುದ್ರಿಸಿದ್ದಾರೆ, ಜೋಳದ ಕಾಳುಗಳನ್ನು ಇರುವೆಗಳಂತೆ ನಡೆಸಿದ್ದಾರೆ. ಮಾಡಿಸುವುದು ಕಷ್ಟವಾಗಲಿಲ್ಲ. ನಾನು ಎಡವಿದ್ದು ಮಾಡಿದ ಮೇಲೆ.

ಆ ಎಡವಿದ ಸಂಗತಿಯನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಮೂರನೆಯ ತರಗತಿಯ ಹುಡುಗಿಯೊಬ್ಬಳು ಸಂತೆಯ ಐದು ಫೋಟೊಗಳನ್ನು ತೆಗೆದಿದ್ದಳು. ಎಲ್ಲವೂ ಅವಳ ಎತ್ತರದಿಂದ ಕಂಡ ಸಂತೆ. ತಕ್ಕಡಿಯ ತಳಭಾಗ, ಬುಟ್ಟಿಯ ಅಂಚು, ಜನರ ಕಾಲುಗಳು. ವಾರ್ಷಿಕ ದಿನದಂದು ಅತಿಥಿಗಳು ಬರುವವರಿದ್ದರು. ಅವಳು ಚೆನ್ನಾಗಿ ಮಾತನಾಡಲಿ ಎಂಬ ಆಸೆಯಿಂದ ನಾನೇ ಅರ್ಧ ಪುಟದ ಭಾಷಣ ಬರೆದುಕೊಟ್ಟೆ. ‘ದುಡಿಮೆಯೇ ದೇವರು ಎಂಬ ಸಂದೇಶವನ್ನು ನನ್ನ ಚಿತ್ರಗಳು ಸಾರುತ್ತವೆ’ ಎಂದು ಅದು ಆರಂಭವಾಗುತ್ತಿತ್ತು. ಮಗು ಒಂದಕ್ಷರವೂ ತಪ್ಪದೆ ಒಪ್ಪಿಸಿತು. ಚಪ್ಪಾಳೆ ಬಿತ್ತು. ಅತಿಥಿಯೊಬ್ಬರು ಬಗ್ಗಿ, ಈ ಫೋಟೊದಲ್ಲಿ ಬರೀ ಕಾಲುಗಳೇ ಏಕಿವೆ ಮಗೂ ಎಂದು ಕೇಳಿದರು. ಅವಳು ನನ್ನತ್ತ ನೋಡಿದಳು, ಆಮೇಲೆ ತಲೆ ತಗ್ಗಿಸಿ, “ಅದು ಟೀಚರ್ ಬರದದ್ದರಾಗ ಇಲ್ರಿ” ಎಂದಳು.

ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ಫೋಟೊ ಅವಳದಾಗಿತ್ತು, ಮಾತನ್ನು ನಾನು ಕಸಿದುಕೊಂಡಿದ್ದೆ. ಕಾಲುಗಳ ನಡುವೆ ಅವ್ವನ ಸೀರೆಯ ಅಂಚನ್ನು ಹುಡುಕುತ್ತ ಸಂತೆಯಲ್ಲಿ ನಡೆಯುವ ಮಗು ಅದು ಎಂದು ನನಗೆ ತಿಳಿದದ್ದು ವಾರದ ನಂತರ, ಊಟದ ಬಿಡುವಿನಲ್ಲಿ, ನಾನು ಏನೂ ಕೇಳದೆ ಅವಳ ಪಕ್ಕದಲ್ಲಿ ಕುಳಿತಿದ್ದಾಗ. ಅಂದಿನಿಂದ ನಮ್ಮಲ್ಲಿ ಒಂದು ನಿಯಮ ಮಾಡಿಕೊಂಡೆವು: ಕೃತಿಯ ಬಗ್ಗೆ ಮೊದಲ ಮಾತು ಮಾಡಿದ ಮಗುವಿನದು, ಕೊನೆಯ ಮಾತು ದೊಡ್ಡವರದಾಗಬಾರದು.

ನಿಯಮ ಮಾಡುವುದು ಸುಲಭ, ಮೊದಲ ಮಾತು ಹೊರಡುವಂತೆ ಮಾಡುವುದು ಕಷ್ಟ. ನಮಗೆ ನೆರವಾದ ಕೆಲವು ಕ್ರಮಗಳನ್ನು ಹೇಳುತ್ತೇನೆ.

ಮೊದಲನೆಯದು, ಸಭೆಯನ್ನು ಚಿಕ್ಕದು ಮಾಡುವುದು. ಮಗು ಮೊದಲು ಒಬ್ಬ ಗೆಳೆಯನಿಗೆ ತೋರಿಸುತ್ತದೆ. ಆಮೇಲೆ ಐದಾರು ಜನರ ಗುಂಪಿಗೆ. ಅದಾದ ಮೇಲೆ ತರಗತಿಗೆ. ಪಾಲಕರು ಮತ್ತು ಅತಿಥಿಗಳು ಕಟ್ಟಕಡೆಗೆ. ಒಂದೊಂದು ಹಂತದಲ್ಲಿಯೂ ಅದೇ ಕೃತಿಯ ಬಗ್ಗೆ ಮಗು ಹೇಳುವ ಮಾತು ಬೆಳೆಯುತ್ತ ಹೋಗುತ್ತದೆ. ನೇರವಾಗಿ ವೇದಿಕೆಗೆ ಹತ್ತಿಸಿದರೆ ಅದಕ್ಕೆ ಉಳಿಯುವ ದಾರಿ ಒಂದೇ, ಬಾಯಿಪಾಠ.

ಎರಡನೆಯದು, ಯಂತ್ರವನ್ನು ಮಗುವಿನ ಕೈಗೇ ಕೊಡುವುದು. ಎಲ್ಲಿ ನಿಲ್ಲಿಸಬೇಕು, ಯಾವ ಚಿತ್ರ ಮೊದಲು, ದೀಪ ಆರಿಸಬೇಕೋ ಬೇಡವೋ, ನೋಡುವವರು ನೆಲದ ಮೇಲೆ ಕೂರಬೇಕೋ ನಿಲ್ಲಬೇಕೋ ಎಂಬುದನ್ನು ಮಗುವೇ ನಿರ್ಧರಿಸಲಿ. ಹೀಗೆ ನಿರ್ಧರಿಸುವುದೇ ಪ್ರಸ್ತುತಿಯ ಅರ್ಧಭಾಗ. ಸಂತೆಯ ಆ ಫೋಟೊಗಳನ್ನು ಮುಂದೊಮ್ಮೆ ಪ್ರದರ್ಶಿಸಿದಾಗ ಹುಡುಗಿ ಅವನ್ನು ಗೋಡೆಯ ಬುಡದಲ್ಲಿ ಅಂಟಿಸಬೇಕೆಂದು ಹಟ ಹಿಡಿದಳು. ನೋಡಬೇಕಾದ ದೊಡ್ಡವರೆಲ್ಲ ಕುಕ್ಕರಗಾಲಿನಲ್ಲಿ ಕೂರಬೇಕಾಯಿತು. ನನ್ನ ಅರ್ಧ ಪುಟದ ಭಾಷಣ ಹೇಳಲಾರದ್ದನ್ನು ಆ ಎತ್ತರ ಹೇಳಿತು.

ಮೂರನೆಯದು, ಮನೆಯ ಮಾತಿಗೆ ಅವಕಾಶ. ಗ್ರಂಥಸ್ಥ ಕನ್ನಡದಲ್ಲಿಯೇ ಹೇಳಬೇಕೆಂಬ ಒತ್ತಾಯ ನಮ್ಮಲ್ಲಿಲ್ಲ. ಗಂಟೈತಿ, ಬಿದ್ದೈತಿ ಎಂಬ ಮಾತುಗಳು ಬರಲಿ, ನಡುವೆ ಕೊಂಕಣಿ, ಹಿಂದಿ ಪದಗಳೂ ಬರಲಿ. ವಿಚಾರ ಹೊರಬಂದ ಮೇಲೆ ಭಾಷೆಯನ್ನು ತಿದ್ದಲು ಬೇರೆ ಅವಧಿಗಳಿವೆ. ಹೇಳುತ್ತಿರುವಾಗಲೇ ತಿದ್ದಿದರೆ ಭಾಷೆಯೂ ವಿಚಾರವೂ ಒಟ್ಟಿಗೆ ನಿಂತುಹೋಗುತ್ತವೆ.

ನಾಲ್ಕನೆಯದು, ಕಾಯುವುದು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಮಾಡಿ ಕಂಡುಕೊಂಡ ಸಂಗತಿ ಇದು: ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಉತ್ತರಕ್ಕಾಗಿ ಕಾಯುವುದು ಒಂದು ಸೆಕೆಂಡಿನಷ್ಟು ಮಾತ್ರ. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ತೆರೆಯುತ್ತಾರೆ. ಮೂರು ಸೆಕೆಂಡು ಎಷ್ಟು ದೀರ್ಘ ಎಂಬುದು ಕಾದು ನೋಡಿದವರಿಗೇ ಗೊತ್ತು. ನಾನು ಸೆರಗಿನ ಮರೆಯಲ್ಲಿ ಬೆರಳು ಮಡಚಿ ಎಣಿಸುತ್ತೇನೆ.

ಇನ್ನು ಪ್ರಶ್ನೆಗಳು. ‘ಇದರಿಂದ ಏನು ನೀತಿ?’ ಎಂಬುದು ನಮ್ಮೆಲ್ಲರ ರೂಢಿಯ ಪ್ರಶ್ನೆ. ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದ ಶಿಕ್ಷಣ ವಿಭಾಗದ ಮುಖ್ಯಸ್ಥರಾಗಿದ್ದ ಫಿಲಿಪ್ ಯೆನವೈನ್ ಮತ್ತು ಮನೋವಿಜ್ಞಾನಿ ಅಬಿಗೈಲ್ ಹೌಸೆನ್ ಸೇರಿ ಚಿತ್ರಗಳ ಮುಂದೆ ಕೇಳಲು ಮೂರೇ ಸರಳ ಪ್ರಶ್ನೆಗಳ ಒಂದು ಕ್ರಮವನ್ನು ರೂಪಿಸಿದರು. ನಾವು ಅವನ್ನು ನಮ್ಮ ಮಾತಿಗೆ ತಂದುಕೊಂಡಿದ್ದೇವೆ. ಇದರಾಗ ಏನು ನಡೆದೈತಿ? ಏನು ಕಂಡು ಹಂಗಂತಿ? ಇನ್ನೂ ಏನೇನು ಕಾಣತೈತಿ? ನಡುವಿನ ಪ್ರಶ್ನೆ ಬಹಳ ಮುಖ್ಯವಾದದ್ದು. ‘ಈ ಫೋಟೊ ದುಃಖದ್ದು’ ಎಂದ ಮಗು ಆ ಪ್ರಶ್ನೆ ಬಂದಾಗ ಮತ್ತೆ ಚಿತ್ರಕ್ಕೆ ಹೋಗಿ, ‘ನೆರಳು ಉದ್ದ ಐತಿ, ಮನುಷ್ಯ ಒಬ್ಬನೇ ಅದಾನ’ ಎಂದು ಆಧಾರ ಹುಡುಕುತ್ತದೆ. ಅನಿಸಿಕೆಗೆ ಆಧಾರ ಕೊಡುವ ಅಭ್ಯಾಸ ಇಲ್ಲಿಂದ ಶುರುವಾಗುತ್ತದೆ. ಮುಂದೆ ವಿಜ್ಞಾನಕ್ಕೂ ಇತಿಹಾಸಕ್ಕೂ ಬೇಕಾದದ್ದು ಅದೇ.

ನೋಡುಗರ ಮಾತಿಗೂ ಒಂದು ಕ್ರಮ ಬೇಕು. ನೃತ್ಯ ನಿರ್ದೇಶಕಿ ಲಿಜ್ ಲರ್ಮನ್ 1990ರ ಸುಮಾರಿಗೆ ಕಲಾವಿದರಿಗಾಗಿ ರೂಪಿಸಿದ ವಿಧಾನವೊಂದಿದೆ. ಮೊದಲು ನೋಡಿದವರು ತಮ್ಮ ಮನಸ್ಸಿಗೆ ತಟ್ಟಿದ್ದನ್ನು ಹೇಳುತ್ತಾರೆ. ಎರಡನೆಯದಾಗಿ ಕಲಾವಿದರೇ ನೋಡುಗರನ್ನು ಪ್ರಶ್ನಿಸುತ್ತಾರೆ. ಮೂರನೆಯದಾಗಿ ನೋಡುಗರು ತಮ್ಮ ಅಭಿಪ್ರಾಯ ಬೆರೆಸದೆ ಪ್ರಶ್ನೆ ಕೇಳುತ್ತಾರೆ. ಕಲಾವಿದರ ಒಪ್ಪಿಗೆ ಇದ್ದರೆ ಮಾತ್ರ ಕೊನೆಗೆ ಅಭಿಪ್ರಾಯ. ಇದನ್ನು ಎಂಟು ವರ್ಷದ ಮಕ್ಕಳಿಗೆ ಒಗ್ಗಿಸುವುದು ಕಷ್ಟವಲ್ಲ. ಮಾಡಿದ ಮಗು, “ನಿಮಗ ಎಲ್ಲಿ ತಿಳೀಲಿಲ್ಲ?” ಎಂದು ತರಗತಿಗೆ ಕೇಳುತ್ತದೆ. ಪರೀಕ್ಷೆಯಲ್ಲಿ ಸದಾ ಉತ್ತರ ಕೊಡುವವನಾಗಿದ್ದ ಹುಡುಗ ಮೊದಲ ಸಲ ಪ್ರಶ್ನೆ ಕೇಳುವವನಾಗುತ್ತಾನೆ.

ಜೋಳದ ಕಾಳಿನ ಇರುವೆಗಳ ಪ್ರಸಂಗ ಇದಕ್ಕೆ ಉದಾಹರಣೆ. ನಾಲ್ಕು ಮಕ್ಕಳು ಕಾಳುಗಳನ್ನು ಒಂದಿಷ್ಟು ಸರಿಸುವುದು, ಫೋಟೊ ತೆಗೆಯುವುದು, ಮತ್ತೆ ಸರಿಸುವುದು, ಹೀಗೆ ಮೂವತ್ತು ಫೋಟೊ ತೆಗೆದಿದ್ದರು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ನಾವು ಆರನ್ನು ಇಟ್ಟುಕೊಂಡಿದ್ದೆವು. ಮೂವತ್ತು ಫೋಟೊ ಐದು ಸೆಕೆಂಡಿನಲ್ಲಿ ಮುಗಿದುಹೋದವು. ಎರಡು ದಿನದ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಾಗ ಮಕ್ಕಳ ಮುಖ ಬಾಡಿತು. ‘ಎಲ್ಲಿ ತಿಳೀಲಿಲ್ಲ?’ ಎಂದು ಕೇಳಿದಾಗ ತರಗತಿಯ ಉತ್ತರ, ಇರುವೆ ನಡೆಯಲಿಲ್ಲ, ಜಿಗಿಯಿತು ಎಂದು. ಆಗ ಲೆಕ್ಕ ಆರಂಭವಾಯಿತು. ಒಂದೊಂದು ಸಲ ಎಷ್ಟು ಸರಿಸಿದೆವು? ಅರ್ಧದಷ್ಟೇ ಸರಿಸಿದರೆ ಅದೇ ದಾರಿಗೆ ಎಷ್ಟು ಫೋಟೊ ಬೇಕು? ಅರವತ್ತು. ಯಾರೂ ಹೇಳದೆ ಮಕ್ಕಳು ಮತ್ತೆ ನೆಲದ ಮೇಲೆ ಕುಳಿತರು. ಎರಡನೆಯ ಚಿತ್ರ ಮುಗಿದ ಮೇಲೆ ನಾವು ಮೊದಲನೆಯದನ್ನು ಅಳಿಸಲಿಲ್ಲ, ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸಿದೆವು. ತನ್ನ ಕೆಲಸ ಎಲ್ಲಿತ್ತು, ಎಲ್ಲಿಗೆ ಬಂತು ಎಂದು ಮಗು ತನ್ನ ಕಣ್ಣಿಂದಲೇ ಕಂಡದ್ದು ಆವತ್ತು.

ಈ ರೀತಿಯ ಹಿನ್ನೋಟಕ್ಕೆ ನಮ್ಮಲ್ಲಿ ಒಂದು ವಹಿ ಇದೆ. ಒಂದು, ಎರಡನೆಯ ತರಗತಿಯವರು ಅದರಲ್ಲಿ ಚಿತ್ರ ಬಿಡಿಸುತ್ತಾರೆ ಅಥವಾ ಹೇಳುತ್ತಾರೆ. ಹೇಳಿದ್ದನ್ನು ಶಿಕ್ಷಕಿ ಇದ್ದಂತೆಯೇ ಬರೆದುಕೊಳ್ಳುತ್ತಾರೆ. ದೊಡ್ಡವರು ಮೂರು ಸಾಲು ಬರೆಯುತ್ತಾರೆ: ನಾನು ಏನು ಮಾಡಬೇಕೆಂದಿದ್ದೆ, ಏನಾಯಿತು, ಇನ್ನೊಮ್ಮೆ ಮಾಡಿದರೆ ಏನು ಬದಲಿಸುತ್ತೇನೆ. ‘ಏನೂ ಬದಲಿಸುವುದಿಲ್ಲ’ ಎಂದು ಬರೆಯುವ ಹಕ್ಕೂ ಮಗುವಿಗಿದೆ. ಏಕೆ ಎಂದು ಮಾತ್ರ ಹೇಳಬೇಕು. ಆ ವಹಿಯಲ್ಲಿ ಕೆಂಪು ಶಾಯಿಯ ಪೆನ್ನು ಆಡಿಸುವುದಿಲ್ಲ. ಪ್ರದರ್ಶನಕ್ಕೆ ಪ್ರಥಮ, ದ್ವಿತೀಯ ಬಹುಮಾನಗಳನ್ನೂ ನಿಲ್ಲಿಸಿದ್ದೇವೆ. ಬಹುಮಾನ ಬಂದ ಮರುವರ್ಷ ಎಲ್ಲ ಮಕ್ಕಳೂ ಬಹುಮಾನ ಗೆದ್ದ ಚಿತ್ರದಂಥ ಚಿತ್ರಗಳನ್ನೇ ಮಾಡತೊಡಗಿದ್ದನ್ನು ಕಂಡ ಮೇಲೆ ತೆಗೆದುಕೊಂಡ ತೀರ್ಮಾನ ಅದು.

ಈಗ ಒಂದು ಮಳೆಗಾಲದ ನೆನಪು. ಗೋವೆಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ. ನಮ್ಮ ವಿಜಯಪುರದ ಕಡೆ ಅದು 600ರ ಆಸುಪಾಸು. ಬಯಲುಸೀಮೆಯಿಂದ ಬಂದವರಿಗೆ ಆ ಮಳೆಯೇ ಒಂದು ಭಯ. ನಾಲ್ಕನೆಯ ತರಗತಿಯ ಹುಡುಗನೊಬ್ಬ ತನ್ನ ಮನೆಯ ತಗಡಿನ ಮೇಲೆ ಬೀಳುವ ಮಳೆಯ ಸಪ್ಪಳವನ್ನು ಅಪ್ಪನ ಫೋನಿನಲ್ಲಿ ಒಂದು ನಿಮಿಷ ಮುದ್ರಿಸಿ ತಂದ. ಏನೆಂದು ಹೇಳದೆ ತರಗತಿಗೆ ಕೇಳಿಸಿದ. ಒಬ್ಬಳು, ಒಗ್ಗರಣೆ ಎಂದಳು. ಇನ್ನೊಬ್ಬ, ಕುದುರೆ ಎಂದ. ಮತ್ತೊಬ್ಬ, ಚಪ್ಪಾಳೆ ಎಂದ. ನಡುವೆ ಬೇರೊಂದು ಸಣ್ಣ ಸಪ್ಪಳವಿತ್ತು. ಅದೇನು ಎಂದು ಗೆಳತಿಯೊಬ್ಬಳು ಕೇಳಿದಳು. ಅವನು ಸುಮ್ಮನಾದ. ನಾನು ಬೆರಳು ಮಡಚಿ ಎಣಿಸಿದೆ. ಮೂರಲ್ಲ, ಹತ್ತು ದಾಟಿತು. ಆಮೇಲೆ ಅವನು ಹೇಳಿದ: “ನಮ್ಮನಿ ಸೋರತೈತಿ. ನಮ್ಮವ್ವ ಬೋಗಾಣಿ ಇಟ್ಟಾಳ. ಅದರಾಗ ಹನಿ ಬೀಳೋ ಸಪ್ಪಳ ಅದು.”

ತರಗತಿ ನಗಬಹುದೆಂದು ನಾನು ಹೆದರಿದ್ದೆ. ಯಾರೂ ನಗಲಿಲ್ಲ. ನಮ್ಮನೆಯಲ್ಲಿ ಎರಡು ಕಡೆ ಇಟ್ಟಿದ್ದೇವೆ ಎಂದಳು ಒಬ್ಬಳು. ನಮ್ಮಲ್ಲಿ ಬಕೆಟ್ ಎಂದ ಇನ್ನೊಬ್ಬ. ಹಿತ್ತಾಳೆಯ ಪಾತ್ರೆಗೂ ಪ್ಲಾಸ್ಟಿಕ್ಕಿಗೂ ಹನಿಯ ಸಪ್ಪಳ ಬೇರೆಯಲ್ಲವೇ ಎಂಬ ಚರ್ಚೆ ಎದ್ದಿತು. ಹುಡುಗ ತನ್ನ ವಹಿಯಲ್ಲಿ ಬರೆದ ಮೂರನೆಯ ಸಾಲು ಇದು: ಇನ್ನೊಮ್ಮೆ ಮಾಡಿದರೆ ಹನಿಯ ಸಪ್ಪಳವನ್ನು ಹತ್ತಿರದಿಂದ ಹಿಡಿಯುತ್ತೇನೆ. ಮುಚ್ಚಿಡಬೇಕೆಂದುಕೊಂಡಿದ್ದ ಸಂಗತಿ ಅವನ ಕೃತಿಯ ನಡುಮಧ್ಯಕ್ಕೆ ಬಂದಿತ್ತು, ಅವನೇ ಅದನ್ನು ಅಲ್ಲಿಗೆ ತಂದಿದ್ದ.

ಆ ವರ್ಷ ಪಾಲಕರ ದಿನಕ್ಕೆ ಅವನ ತಾಯಿ ಬಂದರು. ಓದುಬರಹ ಬಾರದವರು. ಮುದ್ರಿಕೆ ಕೇಳಿ ಬಹಳ ಹೊತ್ತು ಕುಳಿತಿದ್ದು, “ಈ ಸಪ್ಪಳ ಕೇಳಿದ್ರ ನನಗ ರಾತ್ರಿಯೆಲ್ಲ ನಿದ್ದಿ ಬರಾಂಗಿಲ್ರಿ ಅಕ್ಕೋರ. ಇಂವ ಅದನ್ನ ಹಾಡು ಕೇಳಿದಾಂಗ ಕೇಳ್ಯಾನ” ಎಂದರು. ಮಗನನ್ನು ಅವರು ನೋಡಿದ ನೋಟವನ್ನು ನಾನು ಮರೆಯಲಾರೆ. ಕಲಾವಿಮರ್ಶೆ ಬಲ್ಲವರು ಇದಕ್ಕಿಂತ ಹೆಚ್ಚಿನದನ್ನು ಹೇಳಿಯಾರೆಂದು ನನಗೆ ಅನ್ನಿಸಿಲ್ಲ.

ಆದರೆ ಎಲ್ಲ ಪ್ರಸಂಗಗಳೂ ಹೀಗೆ ಮುಗಿಯುವುದಿಲ್ಲ. ನನ್ನ ಎರಡನೆಯ ತಪ್ಪನ್ನೂ ಹೇಳುತ್ತೇನೆ. ಒಬ್ಬ ಹುಡುಗಿ ಬೆಳಗಿನ ಜಾವ ನೀರಿನ ಕೊಡ ಹೊತ್ತು ಗುಡ್ಡದ ಮೆಟ್ಟಿಲು ಹತ್ತುವ ತನ್ನ ತಾಯಿಯ ಏಳು ಫೋಟೊಗಳನ್ನು ತೆಗೆದಿದ್ದಳು. ತರಗತಿಯಲ್ಲಿ ಅದನ್ನು ಬಹಳ ಅಭಿಮಾನದಿಂದ ತೋರಿಸಿದ್ದಳು. ಹೆಮ್ಮೆಯ ಭರದಲ್ಲಿ ನಾನು ಅವನ್ನು ಪಾಲಕರ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ. ಗುಂಪಿನಿಂದ ಗುಂಪಿಗೆ ಹಾರಿ ಅವು ಎರಡೇ ದಿನದಲ್ಲಿ ಆ ಕುಟುಂಬದ ಮೂಲ ಊರನ್ನು ಮುಟ್ಟಿದವು. ತಂದೆ ಶಾಲೆಗೆ ಬಂದರು. ಕೂಗಾಡಲಿಲ್ಲ. “ನಮ್ಮ ಕಷ್ಟ ನಮಗ ಗೊತ್ತೈತ್ರಿ. ಊರಾಗ ನಾವು ಚಲೋ ಅದೀವಿ ಅಂತ ಹೇಳಿಕೊಂಡೀವಿ. ಅದನ್ನ ಊರಿಗೆಲ್ಲ ಯಾಕ ತೋರಿಸಿದ್ರಿ?” ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮಗು ತರಗತಿಗೆ ತೋರಿಸಲು ಒಪ್ಪಿತ್ತು, ಜಗತ್ತಿಗೆ ತೋರಿಸಲು ಒಪ್ಪಿರಲಿಲ್ಲ. ಫೋಟೊದಲ್ಲಿದ್ದ ತಾಯಿಯನ್ನಂತೂ ಯಾರೂ ಕೇಳಿಯೇ ಇರಲಿಲ್ಲ. ಕ್ಷಮೆ ಕೇಳಿದೆ. ಆ ಹುಡುಗಿ ಆಮೇಲೆ ಬಹಳ ದಿನ ಫೋನ್ ಮುಟ್ಟಲಿಲ್ಲ. ಆ ನಷ್ಟವನ್ನು ನಾನು ಇಂದಿಗೂ ತುಂಬಿಕೊಟ್ಟಿಲ್ಲ.

ಮಗುವಿನ ಕೃತಿಯನ್ನು ಯಾರಿಗೆ, ಎಲ್ಲಿಯವರೆಗೆ ತೋರಿಸಬೇಕೆಂಬುದೂ ಪ್ರಸ್ತುತಿಯ ಪಾಠವೇ ಎಂದು ಅಂದು ಕಲಿತೆ. ಈಗ ನಾವು ಮೂವರ ಒಪ್ಪಿಗೆ ಕೇಳುತ್ತೇವೆ: ಮಾಡಿದ ಮಗುವಿನದು, ಚಿತ್ರದಲ್ಲಿ ಅಥವಾ ಧ್ವನಿಯಲ್ಲಿ ಇರುವವರದು, ಪಾಲಕರದು. ತರಗತಿಗೆ ಕೊಟ್ಟ ಒಪ್ಪಿಗೆ ಸಭಾಂಗಣಕ್ಕೆ ಸಲ್ಲುವುದಿಲ್ಲ. ಸಭಾಂಗಣಕ್ಕೆ ಕೊಟ್ಟದ್ದು ಫೋನಿಗೆ ಸಲ್ಲುವುದಿಲ್ಲ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ಮಾಹಿತಿಯ ಬಳಕೆಗೆ ಪಾಲಕರ ಒಪ್ಪಿಗೆಯನ್ನು ಕೇಳುತ್ತದೆ. ಆದರೆ ಕಾಯ್ದೆ ಬರುವ ಮೊದಲೇ ಸಾಮಾನ್ಯ ಮರ್ಯಾದೆ ಅದನ್ನು ಕೇಳಬೇಕಾಗಿತ್ತು. ‘ಬೇಡ’ ಎಂದು ಹೇಳಲು ಕಲಿತ ಮಗು ನಾಳೆ ಇತರರ ಫೋಟೊ ತೆಗೆಯುವ ಮುನ್ನ ತಾನೂ ಕೇಳುತ್ತದೆ.

ಶಿಕ್ಷಕ ಮಿತ್ರರ ಮನಸ್ಸಿನಲ್ಲಿರುವ ಪ್ರಶ್ನೆ ನನಗೆ ಗೊತ್ತಿದೆ. ಪಾಠಗಳೇ ಮುಗಿಯುವುದಿಲ್ಲ, ಇದಕ್ಕೆಲ್ಲ ವೇಳೆ ಎಲ್ಲಿ? ಪ್ರಶ್ನೆ ನ್ಯಾಯವಾದದ್ದು. ನಾವು ಹದಿನೈದು ದಿನಕ್ಕೆ ಎರಡು ಅವಧಿಗಳನ್ನು ಇಟ್ಟುಕೊಂಡಿದ್ದೇವೆ, ಅವೂ ಭಾಷಾ ಬೋಧನೆಯ ಅವಧಿಗಳಿಂದ ತೆಗೆದವು. ಕೇಳುವುದು, ಹೇಳುವುದು, ಕಾರಣ ಕೊಡುವುದು, ಮೂರು ಸಾಲು ಬರೆಯುವುದು ಭಾಷಾ ಬೋಧನೆಯಲ್ಲದೆ ಮತ್ತೇನು? 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮು ಕಲಿಕೆ ಚಟುವಟಿಕೆ ಮತ್ತು ಅನ್ವೇಷಣೆಯ ಮೂಲಕ ನಡೆಯಬೇಕು, ಸಾಧ್ಯವಾದಷ್ಟೂ ಮಾತೃಭಾಷೆಯಲ್ಲಿರಬೇಕು, ಮಗುವನ್ನು ಭಯದಿಂದ ಬಿಡಿಸಿ ತನ್ನ ವಿಚಾರಗಳನ್ನು ಮುಕ್ತವಾಗಿ ಹೇಳಲು ನೆರವಾಗಬೇಕು ಎನ್ನುತ್ತದೆ. ಈ ಮೂರನ್ನೂ ಒಂದೇ ಅವಧಿಯಲ್ಲಿ ಪಾಲಿಸಲು ಸಾಧ್ಯವಿರುವ ಕೆಲಸ ಇದು.

ಪಾಲಕರಲ್ಲಿ ನನ್ನದೊಂದು ಬೇಡಿಕೆ. ಮಗು ತಾನು ಮಾಡಿದ್ದನ್ನು ಮನೆಗೆ ತಂದಾಗ ‘ಭಾಳ ಚಂದ ಐತಿ’ ಎಂದು ಹೇಳಿ ಮುಗಿಸಬೇಡಿ. ಆ ಮಾತು ಪ್ರೀತಿಯದೇ. ಆದರೆ ಅದರ ಮುಂದೆ ಮಗುವಿಗೆ ಹೇಳಲು ಏನೂ ಉಳಿಯುವುದಿಲ್ಲ. ಅದರ ಬದಲು, ‘ಇದನ್ನ ಹೆಂಗ ಮಾಡಿದಿ?’ ಎಂದು ಕೇಳಿ. ಕೇಳಿ, ಕೆಲಸ ಬಿಟ್ಟು ಐದು ನಿಮಿಷ ಕುಳಿತುಕೊಳ್ಳಿ. ನಿಮಗೆ ಅಕ್ಷರ ಬರಬೇಕಾಗಿಲ್ಲ, ಕಲೆ ತಿಳಿದಿರಬೇಕಾಗಿಲ್ಲ. ನಮ್ಮ ಹುಡುಗನ ತಾಯಿಗೂ ಅವು ತಿಳಿದಿರಲಿಲ್ಲ.

ಈ ಶಾಲೆಯ ಮೊದಲ ಮಕ್ಕಳ ಕೈಯಲ್ಲಿ ಪಾಟಿ ಬಳಪಗಳಿದ್ದವು. ಇಂದಿನ ಮಕ್ಕಳ ಕೈಯಲ್ಲಿ ಫೋನ್ ಇದೆ. ಪಾಟಿಯ ಮೇಲೆ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಫೋನಿನಿಂದ ಹೊರಟದ್ದನ್ನು ಒರೆಸುವುದು ಕಷ್ಟ. ಆದ್ದರಿಂದ ಮಾಡುವುದನ್ನು ಕಲಿಸಿದಷ್ಟೇ ಕಾಳಜಿಯಿಂದ ತೋರಿಸುವುದನ್ನೂ, ತಿರುಗಿ ನೋಡುವುದನ್ನೂ ಕಲಿಸಬೇಕಾಗಿದೆ.

ಶತಮಾನೋತ್ಸವ ಸಮಿತಿಯವರಿಗೆ ಒಂದು ಸಲಹೆ ಇಟ್ಟು ಮುಗಿಸುತ್ತೇನೆ. ನಾಳಿನಿಂದ ಈ ಶಾಲೆಯ ಮಕ್ಕಳು ಹಳೆಯ ವಿದ್ಯಾರ್ಥಿಗಳ ಮನೆಗೆ ಹೋಗಿ ಅವರ ಶಾಲೆಯ ನೆನಪುಗಳನ್ನು ಧ್ವನಿಯಲ್ಲಿ ಮುದ್ರಿಸಿಕೊಳ್ಳಲಿ. ಅನುಮತಿ ಕೇಳಿ ಮುದ್ರಿಸಲಿ. ಆಮೇಲೆ ಇದೇ ಅಂಗಳದಲ್ಲಿ ನಮ್ಮೆಲ್ಲರನ್ನು ಕೂರಿಸಿ ಕೇಳಿಸಲಿ. ಏನನ್ನು ಆಯ್ದುಕೊಂಡೆವು, ಏಕೆ ಎಂದು ತಾವೇ ಹೇಳಲಿ. ಆವತ್ತು ವೇದಿಕೆಯ ಮೇಲೆ ನಮ್ಮಂಥವರ ಭಾಷಣ ಬೇಡ. ನಾವು ನೆಲದ ಮೇಲೆ ಕುಳಿತು ಕೇಳೋಣ.